ರಿಪೇರಿ ಆದ ಮೇಲೆ ಹೊಸ ದೋಷ: ಮೊದಲು ಬಿಚ್ಚಿದ ಜಾಗ ನೋಡಿ

ಒಂದು ರೋಗಕ್ಕೆ ಗ್ಯಾರೇಜಿಗೆ ಬಿಟ್ಟ ಕಾರು ಇನ್ನೊಂದು ರೋಗ ಹಚ್ಚಿಕೊಂಡು ಮನೆಗೆ ಬರೋದು ನಮ್ಮ ಕಡೆ ಹೊಸದೇನಲ್ಲ. ಆಗ ನಾವು ಮಾಡೋದು ಎರಡೇ. ಮಿಸ್ತ್ರಿಗೆ ಬೈತೀವಿ, ಇಲ್ಲಾ ಬೇರೆ ಗ್ಯಾರೇಜಿಗೆ ಒಯ್ದು ಹೊಸ ಸಾಮಾನು ಹಾಕಿಸ್ತೀವಿ. ಎರಡರಿಂದಲೂ ಲಾಭ ಇಲ್ಲ. ಮೊದಲು ಬಿಚ್ಚಿದ ಜಾಗ ನೋಡಬೇಕು, ಬಿಚ್ಚಿದವನ ಹತ್ತಿರವೇ ಮೊದಲು ಹೋಗಬೇಕು ಅನ್ನೋದು ನನ್ನ ಅಭಿಪ್ರಾಯ.

ಬಿತ್ತಿದ ಹೊಲದಾಗ ಒಂದೇ ಸಾಲು ಹುಟ್ಟಲಿಲ್ಲ ಅಂದ್ರ ಬೀಜದ ಅಂಗಡಿಗೆ ಜಗಳಕ್ಕೆ ಹೋಗ್ತೀವೇನು? ಕೂರಿಗೆಯ ಆ ಕೊಳವೆ ಮಣ್ಣು ಕಟ್ಟಿತ್ತೇನು ಅಂತ ನೋಡ್ತೀವಿ. ಗಾಡಿಗೂ ಇದೇ ಲೆಕ್ಕ.

ನಮ್ಮ ಹಳೇ ಕಾರಿಗೆ ಕ್ಲಚ್ ಪ್ಲೇಟ್ ಹಾಕಿಸಿದೆ. ಮೂರನೇ ದಿನಕ್ಕೆ ಸೆಲ್ಫ್ ಹೊಡೆದ್ರ 'ಕಟ್' ಅಂದು ಸುಮ್ಮನಾಯ್ತು. ನೋಡಿದವರೆಲ್ಲ ಬ್ಯಾಟರಿ ಹೋಗೇತಿ ಅಂದ್ರು. ಆದ್ರ ಲೈಟು ಚಲೋ ಉರೀತಿತ್ತು. ಮಿಸ್ತ್ರಿಗೆ ಕೇಳಿದೆ: "ತಮ್ಮಾ, ಏನೇನ್ ಬಿಚ್ಚಿದ್ದಿ?" "ಕಾಕಾ, ಗೇರ್ ಬಾಕ್ಸ್ ಇಳಿಸಿದ್ದೆ" ಅಂದ. ನೋಡಿದ್ರ ಗೇರ್ ಬಾಕ್ಸಿಗೆ ಕೂಡಿಸೋ ಅರ್ಥ್ ವೈರಿನ ಬೋಲ್ಟ್ ಸಡಿಲಿತ್ತು. ಬಿಗಿ ಮಾಡಿದ, ಗಾಡಿ ಚಾಲೂ ಆಯ್ತು. ರೊಕ್ಕ ಕೇಳಲಿಲ್ಲ. 2025-26ಕ್ಕೆ ತೊಗರಿ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಬೇಡದ ಬ್ಯಾಟರಿಗೆ 5,000 ಕೊಟ್ಟಿದ್ರ ಅರ್ಧ ಕ್ವಿಂಟಲಿಗಿಂತ ಹೆಚ್ಚು ತೊಗರಿ ಹೋಗ್ತಿತ್ತು. ಮಳೆ ನಂಬಿದ ನಮ್ಮ ಎರಿ ಹೊಲದಾಗ ಅಷ್ಟು ಬೆಳೆಯೋದು ಸುಮ್ಮನೇನಲ್ಲ.

ಹೊಸ ದೋಷವೆಲ್ಲ ಮಿಸ್ತ್ರಿಯ ತಪ್ಪೂ ಅಲ್ಲ. ಹಳೇ ಗಾಡಿಯ ರಬ್ಬರ್ ಪೈಪು, ವೈರು ಬಿಸಿಲಿಗೆ, ಎಂಜಿನ್ ಕಾವಿಗೆ ಒಣಗಿರ್ತಾವು. ಕೈ ತಾಗಿದ್ರ ಸೀಳ್ತಾವು. ನಾವೂ ನಾಳೆ ಮದುವೆ ಅಂತ ಇವತ್ತು ಸಂಜೆ ಗಾಡಿ ಒಯ್ದು "ಹೆಂಗರ ಮಾಡಿ ಓಡಿಸು" ಅಂತೀವಿ. ಅವಸರದ ಕೆಲಸ ಹಂಗೇ ಆಗ್ತದ.

ಕೆಲವು ದೋಷಕ್ಕೆ ಮಾತ್ರ ತಡ ಮಾಡಬಾರದು. ಬ್ರೇಕ್ ಪೆಡಲ್ ಕೆಳಗ ಹೋದ್ರ, ಸ್ಟೇರಿಂಗ್ ಎಳೆದ್ರ, ಡೀಸೆಲ್ ಇಲ್ಲಾ ಪೆಟ್ರೋಲ್ ವಾಸನೆ ಬಂದ್ರ ಗಾಡಿ ಅಲ್ಲೇ ನಿಲ್ಲಿಸಿ, ಮಿಸ್ತ್ರಿಯನ್ನೇ ಕರೆಸಿ. ರೇಡಿಯೇಟರ್ ಕೆಲಸ ಆದ ಮೇಲೆ ಎಂಜಿನ್ ಕಾದ್ರ ಒಳಗ ಗಾಳಿ ಉಳಿದಿರಬಹುದು. ಬಿಸಿ ಇದ್ದಾಗ ಮುಚ್ಚಳ ತೆಗೀಬ್ಯಾಡ್ರಿ. ಗಾಲಿ ಬಿಚ್ಚಿ ಹಾಕಿದ್ರ ಐವತ್ತು-ನೂರು ಕಿಲೋಮೀಟರ್ ಓಡಿದ ಮೇಲೆ ನಟ್ ಮತ್ತೊಮ್ಮೆ ಬಿಗಿ ಮಾಡಿಸಿ.

ಇನ್ನೊಂದು ಮಾತು, ಚೀಟಿ. ನಮ್ಮ ವ್ಯವಹಾರ ಎಲ್ಲಾ ಬಾಯಿಮಾತಿನದು. ಏನು ಬಿಚ್ಚಿದ್ರು, ಯಾವ ಸಾಮಾನು ಹಾಕಿದ್ರು, ಎಷ್ಟು ರೊಕ್ಕ, ಎಷ್ಟು ದಿನದ ಗ್ಯಾರಂಟಿ, ಯಾವ ತಾರೀಖು ಅಂತ ಬರೆಸಿಕೊಳ್ಳಿ. ತೆಗೆದ ಹಳೇ ಸಾಮಾನು ಕೇಳಿ ಪಡೀರಿ. ರೊಕ್ಕ ಕೊಡೋ ಮೊದಲು ಮಿಸ್ತ್ರಿಯನ್ನ ಕೂಡಿಸಿಕೊಂಡು ಒಂದು ಸುತ್ತು ಓಡಿಸಿ ನೋಡಿ.

ಮಾತಿನಿಂದ ಬಗೆಹರಿಯದಿದ್ರ ಕಾನೂನು ಐತಿ. 1986ರ ಗ್ರಾಹಕ ಕಾಯ್ದೆ ಹೋಗಿ 2019ರ ಕಾಯ್ದೆ 2020ರ ಜುಲೈಯಿಂದ ಜಾರಿಗೆ ಬಂದೈತಿ. ರೊಕ್ಕ ಕೊಟ್ಟು ಪಡೆದ ಸೇವೆಯ ಕೊರತೆಗೂ ಅದು ಅನ್ವಯಿಸ್ತದ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೆ ಇಟ್ಟ ಗಾಡಿಯವನೂ ಗ್ರಾಹಕನೇ. ಎರಡು ವರ್ಷದೊಳಗ ವಿಜಯಪುರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ರೊಕ್ಕ 5 ಲಕ್ಷದವರೆಗೆ ಇದ್ರ ಶುಲ್ಕ ಇಲ್ಲ. ಸಲಹೆಗೆ 1915 ನಂಬರಿಗೆ ಫೋನ್ ಮಾಡಬಹುದು. ಆದ್ರ ಅಲ್ಲಿ ಮೊದಲು ಕೇಳೋದು ಆ ಚೀಟಿಯನ್ನೇ.

ಊರ ಮಿಸ್ತ್ರಿ ನಮಗೆ ಬೇಕಾದವ. ಅವನ ರೊಕ್ಕ ಉದ್ರಿ ಇಡದೆ ಕೊಡೋಣ, ಅವನಿಂದ ಚೀಟಿ ತಪ್ಪದೆ ಪಡೆಯೋಣ. ಆಗ ಹೊಸ ದೋಷ ಬಂದ್ರ ಜಗಳ ಇಲ್ಲದೆ ಅವನ ಅಂಗಡಿ ಮುಂದೆ ಗಾಡಿ ನಿಲ್ಲಿಸಬಹುದು.