ಬಿಳುಪಿನೊಳಗಿನ ಬಣ್ಣ

ಬೇಸಿಗೆ ರಜೆಗೆಂದು ಬಂಗಾರಪೇಟೆಯ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳು ಕ್ಯಾಲೆಂಡರೊಂದನ್ನು ಮುಂದಿಟ್ಟುಕೊಂಡು ಹಿಮಪರ್ವತದ ಚಿತ್ರ ಬರೆಯುತ್ತಿದ್ದಳು. ಬಿಳಿ ಬಣ್ಣವೆಲ್ಲ ಮುಗಿದಿದ್ದರೂ ಅದು ಸುಣ್ಣ ಬಳಿದ ಗೋಡೆಯಂತೆಯೇ ತೋರುತ್ತಿತ್ತು. "ಹಿಮವನ್ನೇ ನೋಡದೆ ಹೇಗೆ ಬರೆಯಲಿ, ತಾತ?" ಎಂದಳು. ನ್ಯಾಯವಾದ ಪ್ರಶ್ನೆ.

ಓದುಗ ಬಂಧುಗಳೆ, ಹಿಮದ ನಡುವೆಯೇ ಕುಳಿತು ಹಿಮವನ್ನು ಬರೆದ ಕಲಾವಿದರುಂಟು. ಅಲ್ಲಿ ಬೆರಳು ಮರಗಟ್ಟುತ್ತದೆ, ಜಲವರ್ಣದ ನೀರು ಕುಂಚದಲ್ಲಿಯೇ ಹೆಪ್ಪುಗಟ್ಟುತ್ತದೆ. ಫ್ರಾನ್ಸಿನ ಕ್ಲೋದ್ ಮೊನೆ 1868-69ರ ಚಳಿಗಾಲದ ತಮ್ಮ ಚಿತ್ರವೊಂದರಲ್ಲಿ ಹಿಮದ ಮೇಲೆ ಬಿದ್ದ ಬೇಲಿಯ ನೆರಳಿಗೆ ನೀಲಿ ಬಣ್ಣವನ್ನಿಟ್ಟರು. 1869ರ ಪ್ಯಾರಿಸ್ ಸಲೋನ್ ಪ್ರದರ್ಶನಕ್ಕೆ ಆ ಚಿತ್ರ ಆಯ್ಕೆಯಾಗಲಿಲ್ಲ. ಆದರೆ ಕಣ್ಣು ಸುಳ್ಳು ಹೇಳಿರಲಿಲ್ಲ. ಬಿಸಿಲು ನೇರವಾಗಿ ತಲುಪದೆಡೆಯಲ್ಲಿ ಆಕಾಶದ ಬೆಳಕೇ ಹಿಮದ ಮೇಲೆ ಬೀಳುವುದರಿಂದ ನೆರಳು ನೀಲಿಯಾಗುತ್ತದೆ.

ಇಂಥ ಹಿಮವನ್ನು ಕಾಣಲು ನಾವು ಕುಲು ಕಣಿವೆಗೆ ಹೋಗಬೇಕಾಗಲಿಲ್ಲ. ಹಿಮಾಲಯವನ್ನು ಚಿತ್ರಿಸಿದ ರಷ್ಯದ ನಿಕೊಲಾಯ್ ರೋರಿಕ್ 1947ರಲ್ಲಿ ಅಲ್ಲಿಯ ನಗ್ಗರ್‌ನಲ್ಲಿ ತೀರಿಕೊಂಡರು. ಅವರ ಮಗ ಸ್ವೆತೊಸ್ಲಾವ್ ರೋರಿಕ್, ಪತ್ನಿ ದೇವಿಕಾರಾಣಿಯವರೊಡನೆ ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ನೆಲಸಿ, 1993ರಲ್ಲಿ ನಿಧನರಾದರು. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಇವರ ಕೃತಿಗಳಿಗೆ ಪ್ರತ್ಯೇಕ ಗ್ಯಾಲರಿಯುಂಟು. ಬೆಳಗಿನ ರೈಲಿಗೆ ಹೊರಟೆವು. ಅಲ್ಲಿ ಹಿಮ ಗುಲಾಬಿಯಾಗಿತ್ತು, ನೇರಳೆಯಾಗಿತ್ತು, ನೀಲಿಯಾಗಿತ್ತು. ಮಲ್ಲಿಗೆಯ ಬಿಳುಪು ಬೇರೆ, ವಿಭೂತಿಯ ಬಿಳುಪು ಬೇರೆ ಎಂಬುದನ್ನು ನಮ್ಮ ಮನೆಗಳವರಿಗೆ ಹೇಳಬೇಕೆ?

ಮರುವಾರ ಮಾರಿಕುಪ್ಪಂ ರೈಲು ಹತ್ತಿ ಕೋರಮಂಡಲದಲ್ಲಿಳಿದೆವು. ಚಿನ್ನದ ಅದಿರನ್ನು ನುಣ್ಣಗೆ ಅರೆದು, ಸೈನೈಡಿನಿಂದ ಚಿನ್ನವನ್ನು ತೆಗೆದ ಬಳಿಕ ಉಳಿದ ಹುಡಿಯ ಗುಡ್ಡಗಳು ಕೆ.ಜಿ.ಎಫ್.ನಲ್ಲಿವೆ. ಗಣಿ 2001ರಲ್ಲಿ ಮುಚ್ಚಿತು, ಗುಡ್ಡಗಳು ಉಳಿದವು. ದೂರಕ್ಕೆ ಬಿಳುಪು, ದಿಟ್ಟಿಸಿದರೆ ಬೂದಿ, ಹಳದಿ, ಸಂಜೆಗೆ ನಸುಗೆಂಪು. ಆದರೆ ಹಿಮ ಕರಗಿ ನೀರಾಗುತ್ತದೆ. ಇದು ಗಾಳಿಗೆದ್ದು ಮನೆಗಳನ್ನೂ ಉಸಿರನ್ನೂ ಹೊಗುತ್ತದೆ. ಮೊಮ್ಮಗಳನ್ನು ಗುಡ್ಡದ ಸಮೀಪಕ್ಕೆ ಬಿಡದೆ, ದೂರದ ಮರದಡಿ ಕೂರಿಸಿದೆ. ಈ ಬಾರಿ ಅವಳು ಬಿಳಿ ಬಣ್ಣವನ್ನೇ ಮುಟ್ಟಲಿಲ್ಲ. ಬಿಸಿಲು ಬಿದ್ದ ಇಳಿಜಾರಿಗೆ ಕಾಗದವನ್ನು ಹಾಗೆಯೇ ಬಿಟ್ಟು, ನೆರಳನ್ನಷ್ಟೇ ತುಂಬಿದಳು.

ನೆರೆಮನೆಯ ಹಿರಿಯರು ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಈಗ ಮೆಟ್ಟಿಲೇರಿದರೆ ಏದುಸಿರು. ಚಿತ್ರವನ್ನು ಬಹಳ ಹೊತ್ತು ನೋಡಿ, "ಸಂಜೆ ಐದರ ಹೊತ್ತು, ಅಲ್ಲವೇ ಮಗು?" ಎಂದರು. ಬಳಿಕ ಒಂದು ಮೂಲೆಯನ್ನು ತೋರಿಸಿ, "ಇದನ್ನೇಕೆ ಮುಗಿಸಲಿಲ್ಲ?"

"ಗಾಳಿ ಎದ್ದಿತು, ತಾತ. ನಮ್ಮ ತಾತ ಎಬ್ಬಿಸಿಕೊಂಡು ಬಂದುಬಿಟ್ಟರು."

"ಒಳ್ಳೆಯದು ಮಾಡಿದರು" ಎಂದು ಚಿತ್ರವನ್ನು ಅವಳ ಕೈಗೆ ಹಿಂದಿರುಗಿಸಿದರು.