ಗಗನ್‌ಗೂ ಒಂದು ಪರೀಕ್ಷೆ

ಹತ್ತನೇ ತರಗತಿಯ ಹುಡುಗನೊಬ್ಬ ಮೊನ್ನೆ ಕೇಳಿದ: "ಸಾರ್, ಮೊಬೈಲಿನ ಜಿಪಿಎಸ್ ನಮ್ಮನೆ ಬಾಗಿಲಿಗೇ ತಂದು ಬಿಡುತ್ತೆ. ವಿಮಾನ ಇಳಿಸೋಕೆ ಅದೇ ಸಾಕಲ್ಲ?"

ಸಾಲದು. ಮೊಬೈಲು ಹಿಂದಿನ ಬೀದಿಗೆ ಕರೆದೊಯ್ದರೆ ಬೀಡಾ ಅಂಗಡಿಯವನನ್ನು ಕೇಳಿ ಸರಿಯಾದ ದಾರಿ ಹಿಡಿಯಬಹುದು. ಮೋಡದೊಳಗೆ ಕೆಳಗಿಳಿಯುತ್ತಿರುವ ಪೈಲಟ್ ಯಾರನ್ನು ಕೇಳಬೇಕು?

ಜಿಪಿಎಸ್ ಉಪಗ್ರಹಗಳಿರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ಸಂಕೇತ ಬರಲು ಹಿಡಿದ ಸಮಯದಿಂದಲೇ ದೂರದ ಲೆಕ್ಕ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. ದಾರಿಯಲ್ಲಿ ಅಯಾನುಗೋಳ ಸಂಕೇತವನ್ನು ತಡಮಾಡುತ್ತದೆ. ಭಾರತದ ಮೇಲಂತೂ ಅದರ ತಂಟೆ ಹೆಚ್ಚು. ಕಾಂತೀಯ ಸಮಭಾಜಕ ರೇಖೆ ನಮ್ಮ ದಕ್ಷಿಣ ತುದಿಯ ಮೇಲೇ ಹಾದುಹೋಗುತ್ತದೆ. ಹಗಲು ಅಲ್ಲಿ ಮೇಲೇರಿದ ಎಲೆಕ್ಟ್ರಾನುಗಳು ಕಾರಂಜಿಯಂತೆ ಉತ್ತರ, ದಕ್ಷಿಣಗಳಿಗೆ ಸುರಿಯುತ್ತವೆ. ಸೂರ್ಯ ಮುಳುಗಿದ ಮೇಲೆ ಕೆಲವೊಮ್ಮೆ ಗುಳ್ಳೆಗಳೆದ್ದು, ಸಂಕೇತ ನಕ್ಷತ್ರದಂತೆ ಮಿನುಗತೊಡಗುತ್ತದೆ. ಅಮೆರಿಕದಲ್ಲಿ ಇಂಥದೇ ವ್ಯವಸ್ಥೆ 2003ರಿಂದ ಇದೆ. ಆದರೆ ಅಲ್ಲಿನ ಆಕಾಶದ ಲೆಕ್ಕ ಇಲ್ಲಿಗೆ ಒಗ್ಗುವುದಿಲ್ಲ.

ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ವ್ಯವಸ್ಥೆಯ ಹೆಸರು 'ಗಗನ್'. ಮುದ್ರೆ ಹಾಕಿದ ತೂಕದ ಕಲ್ಲಿಟ್ಟು ಅಂಗಡಿಯ ತಕ್ಕಡಿ ನೋಡುತ್ತಾರಲ್ಲ, ಹಾಗೆ. ಕರಾರುವಾಕ್ಕಾಗಿ ಅಳೆದಿಟ್ಟ ಜಾಗಗಳಲ್ಲಿರುವ 15 ನೆಲೆಗಳು ಜಿಪಿಎಸ್ ಸಂಕೇತ ಪಡೆಯುತ್ತವೆ. ಅದು ಹೇಳಿದ್ದಕ್ಕೂ ನಿಜಕ್ಕೂ ಇರುವ ವ್ಯತ್ಯಾಸ ಬೆಂಗಳೂರಿನ ಕುಂದಲಹಳ್ಳಿಯ ಕೇಂದ್ರದಲ್ಲಿ ಲೆಕ್ಕವಾಗಿ, ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹದ ಮೂಲಕ ವಿಮಾನಕ್ಕೆ ತಲುಪುತ್ತದೆ. ಜೊತೆಗೆ, ಇನ್ನೂ ಎಷ್ಟು ತಪ್ಪು ಉಳಿದಿರಬಹುದು ಎಂಬ ಅಂದಾಜೂ.

ಕಠಿಣ ಪರೀಕ್ಷೆ ಈ ಅಂದಾಜಿಗೇ. ನನ್ನ ತರಗತಿಯಲ್ಲಿ ನೂರಕ್ಕೆ 99 ಬಂದರೆ ಬೆನ್ನು ತಟ್ಟುತ್ತೇನೆ. ಇಲ್ಲಿ ಹಾಗಲ್ಲ. "ನನಗೆ ತಿಳಿಯದು" ಎಂದವನು ಪಾಸು. ತಪ್ಪುತ್ತರವನ್ನು ಧೈರ್ಯವಾಗಿ ಬರೆದವನು ನಪಾಸು. ಎಚ್ಚರಿಕೆ ಕೊಡದೆ ತಪ್ಪು ಮಿತಿ ಮೀರುವ ಸಂಭವ ಒಂದು ಕೋಟಿ ಇಳಿತಗಳಲ್ಲಿ ಎರಡನ್ನು ದಾಟಬಾರದು. ಅಷ್ಟು ಬಾರಿ ವಿಮಾನ ಇಳಿಸಿ ನೋಡುವುದು ಆಗದ ಮಾತು. ಆದ್ದರಿಂದ ಹಾರಾಟಗಳ ಜೊತೆಗೆ ನೆಲದ ನೆಲೆಗಳ ಹಗಲಿರುಳಿನ ಅಂಕಿಗಳನ್ನು, ಅದರಲ್ಲೂ ಸೂರ್ಯ ಕೆರಳಿದ ದಿನಗಳವನ್ನು ಹೆಕ್ಕಿ ಪರಿಶೀಲಿಸಬೇಕು. ಬೇಸರದ ಕೆಲಸ ಎನ್ನಿ, ಆದರೆ ವಿಮಾನದೊಳಗಿನ ಜೀವಗಳೆಲ್ಲ ಅದರ ಮೇಲೇ ನಿಂತಿವೆ.

ದಾರಿಯೇನೂ ಸುಗಮವಿರಲಿಲ್ಲ. ಗಗನ್ ಉಪಕರಣ ಹೊತ್ತಿದ್ದ ಜಿಸ್ಯಾಟ್-4, 2010ರ ಏಪ್ರಿಲ್‌ನಲ್ಲಿ ರಾಕೆಟ್ಟಿನೊಂದಿಗೇ ಸಮುದ್ರದ ಪಾಲಾಯಿತು. 2011ರಲ್ಲಿ ಜಿಸ್ಯಾಟ್-8, ಮರುವರ್ಷ ಜಿಸ್ಯಾಟ್-10 ಮೇಲೇರಿದವು. ಮಾರ್ಗಮಧ್ಯದ ಹಾರಾಟಕ್ಕೆ 2013ರ ಡಿಸೆಂಬರ್ 30ರಂದು, ಎತ್ತರವನ್ನೂ ತೋರಿಸಿ ಇಳಿಸುವುದಕ್ಕೆ 2015ರ ಏಪ್ರಿಲ್ 21ರಂದು ಪ್ರಮಾಣಪತ್ರ ಸಿಕ್ಕಿತು. 2022ರ ಏಪ್ರಿಲ್ 28ರಂದು ಇಂಡಿಗೋದ ಎಟಿಆರ್ ವಿಮಾನವೊಂದು ಗಗನ್ ನೆರವಿನಿಂದ ರಾಜಸ್ಥಾನದ ಕಿಶನ್‌ಗಢದಲ್ಲಿ ಇಳಿಯಿತು. ದುಬಾರಿ ಇಳಿತ ಸಾಧನಗಳಿಲ್ಲದ ಸಣ್ಣ ನಿಲ್ದಾಣಗಳಿಗೆ ಇದರ ಬೆಲೆ ಗೊತ್ತು.

ಹುಡುಗ ಬಿಡಲಿಲ್ಲ. "ಇಳಿಯೋವಾಗಲೇ ಗಗನ್ ಕೈಕೊಟ್ಟರೆ, ಸಾರ್?"

ಎಚ್ಚರಿಕೆ ಬರುತ್ತದಪ್ಪ. ಪೈಲಟ್ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುತ್ತಾನೆ.