ಬಿಸಿಲಲ್ಲಿ ಬಾಳಬೇಕಾದ ಪ್ಲಾಸ್ಟಿಕ್ ಮಸೂರ

ಭೂತಗನ್ನಡಿಯಿಂದ ಬಿಸಿಲನ್ನು ಒಂದು ಬಿಂದುವಿಗೆ ತಂದು ಕಾಗದ ಸುಡುವ ಆಟವನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಅದೇ ತತ್ತ್ವದಿಂದ ವಿದ್ಯುತ್ತನ್ನು ಪಡೆಯುವ ಯಂತ್ರಗಳೂ ಉಂಟು. ದಿನವಿಡೀ ಸೂರ್ಯನನ್ನು ಅನುಸರಿಸಿ ತಿರುಗುವ ಚೌಕಟ್ಟಿನಲ್ಲಿ ಮಸೂರಗಳನ್ನು ಜೋಡಿಸಿ, ಬೆಳಕನ್ನು ನೂರಾರು ಪಟ್ಟು ಸಾಂದ್ರಗೊಳಿಸಿ, ಉಗುರಿನಷ್ಟು ಚಿಕ್ಕ ಸೌರಕೋಶದ ಮೇಲೆ ಬೀಳಿಸುತ್ತಾರೆ. ಕೋಶವು ದುಬಾರಿ, ಮಸೂರವು ಅಗ್ಗ. ಇದೇ ಅದರ ಯುಕ್ತಿ.

ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ದೀಪಸ್ತಂಭಗಳಿಗಾಗಿ ರೂಪಿಸಿದ, ಬಳೆಯೊಳಗೊಂದು ಬಳೆಯಂತೆ ಗೀರುಗಳುಳ್ಳ ಮಸೂರವನ್ನೇ ಇಲ್ಲಿ ಅಕ್ರಿಲಿಕ್ ಹಾಳೆಯಲ್ಲಿ ಅಚ್ಚೊತ್ತಿರುತ್ತಾರೆ. ಯಂತ್ರಕ್ಕೆ ಹಣ ಹೂಡುವವರು ಬಯಸುವುದು 25 ವರ್ಷಗಳ ಬಾಳಿಕೆಯನ್ನು. ಪ್ಲಾಸ್ಟಿಕ್ ಅಷ್ಟು ಕಾಲ ತಡೆದೀತೆ?

ಬಿಸಿಲಿಗೆ ಅಕ್ರಿಲಿಕ್ ಬೇಗ ಹಳದಿಯಾಗುವುದೆಂಬ ಶಂಕೆ ಅಷ್ಟಾಗಿ ನಿಜವಲ್ಲ. ಅಮೆರಿಕದ ಆಲ್ಬುಕರ್ಕಿಯಲ್ಲಿ 17 ವರ್ಷಕ್ಕೂ ಮಿಕ್ಕಿ ಬಯಲಿನಲ್ಲಿದ್ದ ಅಕ್ರಿಲಿಕ್ ಹಾಳೆಗಳನ್ನು ಪರೀಕ್ಷಿಸಿದ ವರದಿಯೊಂದು 1975ರಲ್ಲಿ ಪ್ರಕಟವಾಯಿತು. ಬೆಳಕನ್ನು ಹಾಯಿಸುವ ಶಕ್ತಿ ಕುಂದಿದ್ದು ಸುಮಾರು ಶೇಕಡ 10ರಷ್ಟು ಮಾತ್ರ.

ಆದರೆ ಹಾಳೆಯ ಲೆಕ್ಕ ಬೇರೆ, ಮಸೂರದ ಲೆಕ್ಕ ಬೇರೆ. ಕಿಟಕಿಯ ಗಾಜು ತುಸು ಮಸುಕಾದರೂ ಕೋಣೆಗೆ ಬೆಳಕು ಬರುತ್ತದೆ. ಇಲ್ಲಿ ಕಿರಣವು ಕೊಂಚ ಓರೆಯಾದರೂ ಕೋಶವನ್ನು ತಪ್ಪಿಸಿ ಪಕ್ಕಕ್ಕೆ ಬೀಳುತ್ತದೆ. ಮರಳಿನ ಗಾಳಿ ಮೇಲ್ಮೈಯನ್ನು ಉಜ್ಜುತ್ತದೆ. ಧೂಳನ್ನು ಒಣಬಟ್ಟೆಯಿಂದ ಒರೆಸುವ ಕೈಯೂ ಗೀರುಗಳನ್ನು ಮೂಡಿಸುತ್ತದೆ. (ಪಂಚೆಯ ಅಂಚಿನಿಂದ ಕನ್ನಡಕ ಒರೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ!) ಬಿಸಿಯಾದಾಗ ಅಕ್ರಿಲಿಕ್ ಗಾಜಿಗಿಂತ ಏಳೆಂಟು ಪಟ್ಟು ಹಿಗ್ಗುತ್ತದೆ, ತೇವವನ್ನು ಹೀರಿಯೂ ಉಬ್ಬುತ್ತದೆ. ಬಿಗಿಯಾಗಿ ಹಿಡಿದ ಅಂಚುಗಳಲ್ಲಿ ಸೂಕ್ಷ್ಮ ಬಿರುಕುಗಳು ಹುಟ್ಟುತ್ತವೆ.

ಗಾಜಿನ ಮೇಲೆ ಸಿಲಿಕೋನಿನ ಗೀರುಪದರವನ್ನು ಕೂಡಿಸಿದ ಮಸೂರಗಳೂ ಬಂದವು. ಗಾಜು ಧೂಳಿನ ಉಜ್ಜಾಟವನ್ನು ತಾಳುತ್ತದೆ; ಆದರೆ ತಾಪ ಬದಲಾದಂತೆಲ್ಲ ಸಿಲಿಕೋನಿನ ವಕ್ರೀಭವನ ಬದಲಾಗಿ ಬೆಳಕಿನ ಬಿಂದು ಕದಡುತ್ತದೆ.

ಬಾಳಿಕೆಯನ್ನು ಪ್ರಯೋಗಾಲಯದಲ್ಲಿ ಬೇಗ ಅಳೆಯೋಣವೆಂದರೆ ಅದೂ ಸುಲಭವಲ್ಲ. ಸುಮಾರು 105 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅಕ್ರಿಲಿಕ್ ಮೆತ್ತಗಾಗುವುದರಿಂದ ಕಾವನ್ನು ಏರಿಸಿ ವರ್ಷಗಳನ್ನು ವಾರಗಳಾಗಿ ಕಿರಿದುಗೊಳಿಸುವ ಉಪಾಯ ಹೆಚ್ಚು ದೂರ ಸಾಗದು. ಧೂಳು, ಇಬ್ಬನಿ, ಬಿಸಿಲು ಮೂರೂ ಕೂಡಿ ಮಾಡುವ ಕೆಲಸವನ್ನು ಬಯಲೇ ಹೇಳಬೇಕು. ಆದ್ದರಿಂದ, ಹೊಸತರಲ್ಲಿ ಅಳೆದ ದಕ್ಷತೆಗಿಂತ ಹತ್ತು ವರ್ಷ ಬಯಲಲ್ಲಿ ನಿಂತ ಮಸೂರದ ಅಳತೆಗೇ ನಾವು ಹೆಚ್ಚು ಬೆಲೆ ಕೊಡುತ್ತೇವೆ.

ಆದರೆ ಬಯಲಿನ ಉತ್ತರಕ್ಕೆ ಮಾರುಕಟ್ಟೆ ಕಾಯಲಿಲ್ಲ. ಸಾಮಾನ್ಯ ಸಿಲಿಕಾನ್ ಫಲಕಗಳ ಬೆಲೆ ಕುಸಿಯಿತು. ಗಾಜು-ಸಿಲಿಕೋನ್ ಮಸೂರಗಳನ್ನು ಬಳಸುತ್ತಿದ್ದ ಫ್ರಾನ್ಸಿನ ಸೋಯಿಟೆಕ್ ಕಂಪನಿಯು 2015ರಲ್ಲಿ ಈ ವ್ಯವಹಾರವನ್ನು ಬಿಡುವುದಾಗಿ ಸಾರಿತು.